ಶಾಹೀನಳ ಕಣ್ಣು

ಶಾಹೀನಳ ಕಣ್ಣು ಕೆಟ್ಟದ್ದು ಎನ್ನುವವರು ನಮ್ಮ ಓಣಿಯಲ್ಲಿ ಇವತ್ತಿಗೂ ಇದ್ದಾರೆ. ನನ್ನೆದುರು ಮಾತ್ರ ಯಾರೂ ಹಾಗೆ ಅನ್ನುವುದಿಲ್ಲ. ಅಂದರೆ ತಮ್ಮ ಜಂಪರಿನ ಅಳತೆ ನನ್ನ ಕೈಯಲ್ಲಿ ಏನಾದೀತೋ ಎಂಬ ಹೆದರಿಕೆ ಇರಬೇಕು. ಇರಲಿ, ಹೆದರಲಿ. ನಾನು ಶಿವಲಿಂಗಮ್ಮ, ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಕೂತವಳು. ನನ್ನ ಬಾಯಿ ಜೋರು ಎಂದು ಇಡೀ ಓಣಿಗೆ ಗೊತ್ತು. ಜೋರು ಬಾಯಿ ಬೇಕಾಗಿದ್ದ ಹೊತ್ತಿಗೆ ಅದು ಯಾವ ಕೆಲಸಕ್ಕೂ ಬರಲಿಲ್ಲ ಎಂಬುದು ನನಗೆ ಮಾತ್ರ ಗೊತ್ತು.

ನಮ್ಮ ಗೋಡೆಗೆ ಹತ್ತಿದ ಮನೆ ಮುನ್ನಿಬೀಯದು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಶಾಹೀನ್, ಆಕೆಯ ಸೊಂಟದ ಮೇಲೆ ಬೆಳೆದ ತಮ್ಮ ಪರ್ವೇಜ್, ಇಷ್ಟೇ ಸಂಸಾರ. ಶಾಹೀನಳನ್ನು ಮಾನ್ವಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂಬ ನೆಪಕ್ಕೆ ಅಲ್ಲಿಯವರು ಸಂಬಂಧ ಹರಿದು, ಆಕೆಯನ್ನು ಟ್ರಂಕಿನ ಸಮೇತ ಬಸ್ಸು ಹತ್ತಿಸಿದರು. ದೋಷ ಯಾರದೆಂದು ಒಬ್ಬ ಡಾಕ್ಟರನ್ನು ಕೇಳುವ ಪುರುಸೊತ್ತೂ ಅವರಿಗಿರಲಿಲ್ಲ. ಇದರಲ್ಲಿ ಜಾತಿ ಗೀತಿ ಎಂದು ಯಾರೂ ಮೂಗು ಮುರಿಯಬೇಡಿ, ನಮ್ಮವರ ಮನೆಗಳ ಮುಂದೆಯೂ ಇಂಥ ಟ್ರಂಕುಗಳು ಬೇಕಾದಷ್ಟು ಬಂದಿಳಿದಿವೆ.

ಬಂದ ಹೊಸತರಲ್ಲಿ ಆಕೆ ಮಾತೇ ಆಡುತ್ತಿರಲಿಲ್ಲ. ಮಧ್ಯಾಹ್ನ ನನ್ನ ಹತ್ತಿರ ಬಂದು ಕೂತು ಸೂಜಿಗೆ ದಾರ ಪೋಣಿಸಿ ಕೊಡುವಳು. ನನಗೆ ಚಾಳೀಸು ಬಂದು ಹತ್ತಿರದ್ದು ಕಾಣುತ್ತಿರಲಿಲ್ಲ. ಆಕೆ ದಾರದ ತುದಿಯನ್ನು ತುಟಿಗೆ ತಾಗಿಸಿ ಒಂದೇ ಸಲಕ್ಕೆ ತೂರಿಸುವಳು. ಎಂಥ ಕಣ್ಣು ಕೊಟ್ಟಾನೇ ನಿನಗೆ ದೇವರು ಎಂದರೆ ಸಣ್ಣಗೆ ನಗುವಳು. ಆಗ ಆಕೆ ನಗುತ್ತಿದ್ದದ್ದು ಅಷ್ಟಕ್ಕೆ ಮಾತ್ರ.

ಪರ್ವೇಜ್ ಗಿರಣಿಯ ತೂಕದ ಕಾಟಾದಲ್ಲಿ ಮಧ್ಯಾಹ್ನದ ತನಕ ಕೆಲಸ ಮಾಡುತ್ತಿದ್ದ. ತನ್ನದೂ ಒಂದು ಧಂದೆ ಇರಲಿ ಎಂದು ಮನೆಯ ಮುಂದಿನ ಖೋಲಿಯಲ್ಲಿ ಆರು ಕಂಪ್ಯೂಟರ್ ಹೂಡಿ ಆಟದ ಅಂಗಡಿ ತೆರೆದ. ಬಂದೂಕು ಹಿಡಿದು ಒಬ್ಬರನ್ನೊಬ್ಬರು ಬೆನ್ನಟ್ಟುವ ಆಟ, ಕಾರು ಓಡಿಸುವ ಆಟ. ಕಾಲೇಜಿನ ಹುಡುಗರು ಸಾಲಗುಂದದಿಂದ, ಆರ್.ಎಚ್. ಕ್ಯಾಂಪಿನಿಂದ ಬೈಕಿನ ಮೇಲೆ ಮೂವರು ಮೂವರು ಹೇರಿಕೊಂಡು ಬರತೊಡಗಿದರು. ತಮ್ಮ ಕಾಟಾದಿಂದ ಬರುವ ತನಕ ಅಂಗಡಿ ನೋಡುವವರು ಬೇಕಲ್ಲ, ಶಾಹೀನ್ ಕೂತಳು.

ಕೂತವಳು ಸುಮ್ಮನೆ ಕೂಡಲಿಲ್ಲ. ಹುಡುಗರ ಬೆನ್ನ ಹಿಂದೆ ನಿಂತು ನೋಡಿ ನೋಡಿ, ಖೋಲಿ ಖಾಲಿ ಇದ್ದಾಗ ತಾನೇ ಬಾಗಿಲ ಹತ್ತಿರದ ಕಂಪ್ಯೂಟರ್ ಹಿಡಿದಳು. ಮೊದಮೊದಲು ಆಕೆಯನ್ನು ಎಲ್ಲರೂ ಹೊಡೆದು ಬೀಳಿಸುತ್ತಿದ್ದರು. ಆಮೇಲೆ ಆಕೆಯೇ ಎಲ್ಲರನ್ನೂ ಬೀಳಿಸತೊಡಗಿದಳು. ದೂರದ ಮಾಳಿಗೆಯ ಮೇಲೆ ಸಾಸಿವೆಕಾಳಿನಷ್ಟು ತಲೆ ಕಂಡರೆ ಸಾಕು, ಆ ತಲೆ ಉರುಳಿತೆಂದೇ ಲೆಕ್ಕ. ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದ ಹುಡುಗರು 'ಆಪಾಳ ಕಣ್ಣು ಬಿದ್ದರೆ ಮುಗಿಯಿತು' ಎಂದು ಮಾತು ಕಟ್ಟಿದರು. ಎದುರಾಳಿ ಗುಂಪಿಗೆ ಫೋನಿನಲ್ಲಿ ಆಕೆಯ ಹೆಸರು ಹೇಳಿ ಹೆದರಿಸುವರು. ಗೋಡೆಯ ಈ ಕಡೆಯಿಂದ ನನಗೆ ಆಕೆಯ ನಗು ಕೇಳುತ್ತಿತ್ತು. ತವರಿಗೆ ಮರಳಿದ ಹೆಣ್ಣು ಬಾಯಿ ತುಂಬ ನಗುವುದನ್ನು ನಾನು ಅದೇ ಮೊದಲು ಕೇಳಿದ್ದು, ಖರೆ ಹೇಳುತ್ತೇನೆ, ನನಗೆ ಬಹಳ ಖುಷಿಯಾಗಿತ್ತು.

ಗುರುವಾರ ಬಂತೆಂದರೆ ನಮ್ಮ ಓಣಿಗೆ ಫಕೀರ ಮೌಲಾಹುಸೇನ ಬರುತ್ತಾನೆ. ಕೈಯಲ್ಲಿ ಕೆಂಡದ ಬಟ್ಟಲು, ಹೆಗಲಿಗೆ ಜೋಳಿಗೆ, ನವಿಲುಗರಿಯ ಕಟ್ಟು. ಕೆಂಡದ ಮೇಲೆ ಊದು ಎಂಬ ಧೂಪ ಚೆಲ್ಲಿ, ಗರಿಯಿಂದ ಬೀಸಿ ಅಂಗಡಿಗೆಲ್ಲ ಹೊಗೆ ಹಾಕಿ, ದುವಾ ಹೇಳಿ ಹೋಗುತ್ತಾನೆ. ಕಿರಾಣಿ ಶೆಟ್ಟರ ಗಲ್ಲಾಕ್ಕೂ ಹಾಕುತ್ತಾನೆ, ನನ್ನ ಮಿಷನ್ನಿಗೂ ಹಾಕುತ್ತಾನೆ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಬಾಗಿಲಲ್ಲೇ ನಿಂತು ಆ ಹೊಗೆಗೆ ತಲೆ ಒಡ್ಡುವವಳು ನಾನು. ಒಳ್ಳೆಯ ಮುದುಕ, ಯಾರ ತಂಟೆಗೂ ಹೋದವನಲ್ಲ. ಆಟದ ಖೋಲಿಗೂ ಮೊದಲ ದಿನದಿಂದಲೇ ಅವನ ಹೊಗೆ ನಡೆದಿತ್ತು.

ಹಿಂಗಾರಿ ಭತ್ತ ಬಂದು ಗಿರಣಿ ಹಗಲೆಲ್ಲ ಓಡುತ್ತಿದ್ದ ಬೇಸಿಗೆ ಅದು. ಓಣಿಯ ಗಾಳಿಯಲ್ಲೇ ತೌಡು. ತೊಳೆದು ಒಣಗಿಸಿದ ಸೀರೆ ಕೊಡವಿದರೆ ಪುಡಿ ಉದುರುತ್ತಿತ್ತು. ಆಗಲೇ ಕಂಪ್ಯೂಟರುಗಳಿಗೆ ರೋಗ ಹತ್ತಿದ್ದು. ನಿನ್ನೆ ಮೊನ್ನೆಯ ತನಕ ಹರಿಯುವ ಕಾಲುವೆಯಂತೆ ಓಡುತ್ತಿದ್ದ ಆಟ ಒಮ್ಮೆಲೇ ತಡವರಿಸತೊಡಗಿತು. ಹುಡುಗ ಬಂದೂಕು ಎತ್ತಿದರೆ ಪರದೆಯ ಮೇಲೆ ಅದು ಏಳುವ ಹೊತ್ತಿಗೆ ಅವನು ಸತ್ತು ಬಿದ್ದಿರುತ್ತಿದ್ದ. ಒಂದು ಕಂಪ್ಯೂಟರಿಗೆ ಬಂದದ್ದು ಬರಬರುತ್ತ ಆರಕ್ಕೂ ಬಂತು.

ಪರ್ವೇಜ್ ಮಾಡದ ಉಪಾಯವಿಲ್ಲ. ಮೊದಲು ನೆಟ್ಟಿನವನ ಮೇಲೆ ಹರಿಹಾಯ್ದ. ನೆಟ್ ಬೇಡದ ಕಾರಿನ ಆಟವೂ ಮುಗ್ಗರಿಸುತ್ತದೆ ಎಂದು ತೋರಿಸಿಕೊಟ್ಟವಳು ಶಾಹೀನ್. ಆಮೇಲೆ ವೈರಸ್ ಎಂದ, ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ. ಆಟದ ಚಿತ್ರಗಳ ಅಂದ ತಗ್ಗಿಸಿದ, ಹುಲ್ಲು ಮರ ಎಲ್ಲ ಮಸುಕಾದವು, ತಡವರಿಕೆ ಹೋಗಲಿಲ್ಲ. ಹೊಸ ರ‍್ಯಾಮ್ ತಂದು ಸಿಕ್ಕಿಸುತ್ತೇನೆ ಎಂದರೆ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಗ್ಯಾರಂಟಿಯ ಸೀಲು. ಅವನ್ನು ಮಾರಿದ ಲಿಂಗಸುಗೂರಿನ ಕನಕರಾಜನಿಗೆ ಫೋನ್ ಮಾಡಿದರೆ, ಸೀಲು ಒಡೆದರೆ ಗ್ಯಾರಂಟಿ ಇಲ್ಲ, ಪೆಟ್ಟಿಗೆ ಇಲ್ಲಿಗೇ ತಗೊಂಡು ಬಾ ಎಂದ. ಆರು ಪೆಟ್ಟಿಗೆ ಹೊತ್ತುಕೊಂಡು ಹೋದರೆ ಅಷ್ಟು ದಿನ ಅಂಗಡಿ ಮುಚ್ಚಬೇಕು. ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಪರ್ವೇಜ್ ತಳ್ಳುತ್ತ ಬಂದ.

ಶಾಹೀನ್ ಮಾತ್ರ ಒಂದು ಸಂಗತಿ ಹಿಡಿದಿದ್ದಳು. ಬೆಳಿಗ್ಗೆ ಬಾಗಿಲು ತೆರೆದಾಗ ಆಟ ಸರಿ ಇರುತ್ತದೆ, ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗಿನ ಫ್ಯಾನು ಕಿರುಚತೊಡಗುತ್ತದೆ, ಅದು ಕಿರುಚಿದ ಮೇಲೆಯೇ ತಡವರಿಕೆ. ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಹಂಚಿನಂತೆ ಸುಡುತ್ತದೆ. ಒಳಗೆ ಬಿಸಿ ಸಿಕ್ಕಿಕೊಂಡಿದೆ, ಒಮ್ಮೆ ಬಿಚ್ಚಿ ನೋಡು ಎಂದು ತಮ್ಮನಿಗೆ ಹೇಳಿದಳು. ಅವನು ಸೀಲು ತೋರಿಸಿದ.

ಆ ಮಧ್ಯಾಹ್ನದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ನಾನು ಕಟ್ಟೆಯ ಮೇಲೆ ಗುಂಡಿ ಹಚ್ಚುತ್ತ ಕೂತಿದ್ದೆ. ಒಳಗೆ ಹುಡುಗರು ಕೂಗಾಡುತ್ತಿದ್ದರು. ಆಟ ತಡವರಿಸುವುದಕ್ಕೆ ಈ ಹುಡುಗರು 'ಲ್ಯಾಗ್' ಎನ್ನುತ್ತಾರೆ. ಲ್ಯಾಗ್ ಆತು, ಲ್ಯಾಗ್ ಆತು ಎಂದು ಎಲ್ಲರದೂ ಒಂದೇ ಬೊಬ್ಬೆ. ಮುನ್ನಿಬೀ ಅಡಿಗೆಮನೆಯ ಪರದೆ ಸರಿಸಿ ಬಂದಳು. ಆಕೆಯ ದಖನಿ ಮಾತಿನಲ್ಲಿ 'ಲಗ್‌ನಾ' ಎಂದರೆ ತಗುಲುವುದು. ನದರು, ಅಂದರೆ ಕೆಟ್ಟ ಕಣ್ಣು, ತಗುಲಿದರೂ ಅದೇ ಮಾತು. ಆಕೆಗೆ ಕೇಳಿದ್ದು ಲ್ಯಾಗ್ ಅಲ್ಲ, ಲಗ್. ಇಷ್ಟು ದಿನ ಯಾರೂ ಬಾಯಿಬಿಟ್ಟು ಹೇಳದ್ದನ್ನು ಹುಡುಗರು ಹೇಳಿಬಿಟ್ಟರು ಎಂದು ಆಕೆ ತಿಳಿದಳು.

"ಕಿಸ್ಕಾ ಲಗಾ ರೇ?" ಎಂದು ಕೇಳಿದಳು. ಯಾರದು ತಗುಲಿತೋ ಎಂದು.

ಪರದೆಯಿಂದ ಕಣ್ಣೆತ್ತದ ಒಬ್ಬ ಹುಡುಗ, ಯಾರ ಕಂಪ್ಯೂಟರ್ ಹೆಚ್ಚು ತಡವರಿಸುತ್ತಿದೆ ಎಂದು ಕೇಳುತ್ತಿದ್ದಾಳೆ ಎಂದುಕೊಂಡ. ಶಾಹೀನ್ ಕೂಡುವ ಬಾಗಿಲ ಬಳಿಯ ಕಂಪ್ಯೂಟರೇ ಎಲ್ಲಕ್ಕಿಂತ ಕೆಟ್ಟಿತ್ತು. "ಆಪಾಕಾ. ಸಬ್‌ಸೇ ಜಾಸ್ತಿ ಆಪಾಕಾ," ಎಂದ. ಅಕ್ಕನದು, ಎಲ್ಲರಿಗಿಂತ ಹೆಚ್ಚು ಅಕ್ಕನದೇ ಎಂದು.

ಮುನ್ನಿಬೀ ಮಗಳ ಮುಖ ನೋಡಿದಳು. ಪರದೆ ಬಿಟ್ಟು ಒಳಗೆ ಹೋದಳು. ನಾನು ಆ ಕ್ಷಣಕ್ಕೆ ಎದ್ದು ಹೋಗಿ, ಅಲ್ಲವೇ ಮುನ್ನಿಬೀ, ಅದು ಇಂಗ್ಲಿಷ್ ಮಾತು ಎಂದು ಹೇಳಬಹುದಿತ್ತು. ಆದರೆ ಅವರ ಮಾತಿನ ಒಳಮರ್ಮ ನನಗೂ ಆಗ ಹೊಳೆದಿರಲಿಲ್ಲ. ಆಮೇಲೆ ಶಾಹೀನಳೇ ಬಿಡಿಸಿ ಹೇಳಿದಾಗ ತಿಳಿಯಿತು. ಆಗಲೇ ಮಾತು ಮನೆ ದಾಟಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದೇ ನಡೆಯಿತು. ಗುರುವಾರ ಒಂದು ದಿನ ಬರುತ್ತಿದ್ದ ಮೌಲಾಹುಸೇನನನ್ನು ಮುನ್ನಿಬೀ ನಿತ್ಯ ಕರೆಸತೊಡಗಿದಳು. ಅವನು ಬಾರದ ದಿನ ತಾನೇ ಕೆಂಡ ಮಾಡಿ, ಹೊಗೆ ಹೊರಗೆ ಹೋಗಬಾರದೆಂದು ಬಾಗಿಲು ಕಿಟಕಿ ಮುಚ್ಚಿ, ಒಂದೊಂದು ಪೆಟ್ಟಿಗೆಯ ಬೆನ್ನಿಗೂ ಬಟ್ಟಲು ಹಿಡಿಯುತ್ತಿದ್ದಳು. ಪೆಟ್ಟಿಗೆಯ ಫ್ಯಾನು ಆ ಹೊಗೆಯನ್ನೆಲ್ಲ ಒಳಗೆಳೆದುಕೊಳ್ಳುತ್ತಿತ್ತು. ಒಳಗೆ ಹೊಗೆ ಹೋಗುವುದನ್ನು ಕಂಡು ಆಕೆಗೆ ಸಮಾಧಾನ. ಹೊಗೆ ಹೆಚ್ಚಿದಂತೆ ತಡವರಿಕೆ ಹೆಚ್ಚಿತು, ತಡವರಿಕೆ ಹೆಚ್ಚಿದಂತೆ ಹೊಗೆ ಹೆಚ್ಚಿತು. ನದರು ಬಲವಾದದ್ದು, ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂದು ಆಕೆ ಅಂದುಕೊಂಡಳು.

ಶಾಹೀನ್ ಹಿಡಿದ ಸಂಗತಿಯನ್ನೇ ತಾಯಿ ತಿರುವಿ ಹಿಡಿದಳು. ಬೆಳಿಗ್ಗೆ ಯಾರೂ ಇಲ್ಲದಾಗ ಸರಿ ಇರುತ್ತದಂತೆ, ಈಕೆ ಬಂದು ಕೂತು ಸ್ವಲ್ಪ ಹೊತ್ತಾದ ಮೇಲೆ ಕೆಡುತ್ತದಂತೆ, ಹಾಗಿದ್ದರೆ ಯಾರದೆಂದು ಬೇರೆ ಹೇಳಬೇಕೇನು? ಇದಕ್ಕೆ ಸರಿಯಾಗಿ ಒಂದು ದಿನ ಶಾಹೀನ್ ಸಾಲಗುಂದದ ಮದುವೆಗೆ ಹೋದಳು. ಅವತ್ತು ಮೋಡ ಕವಿದು ಗಾಳಿ ತಣ್ಣಗಿತ್ತು, ಮಧ್ಯಾಹ್ನ ಕಳೆದ ಮೇಲೂ ಕರೆಂಟ್ ಇರಲಿಲ್ಲ. ಸಂಜೆ ಕರೆಂಟ್ ಬಂದಾಗ ತಣ್ಣಗಿದ್ದ ಪೆಟ್ಟಿಗೆಗಳು ಚೆನ್ನಾಗಿ ಓಡಿದವು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು. ಆಕೆಯ ಕಣ್ಣಿನ ಬಗ್ಗೆ ಹಾಡಿ ಹೊಗಳಿದ ಹುಡುಗರೇ ಈಗ ಆಪಾ ಒಳಗೆ ಬಂದರೆ ನಗುತ್ತ ಪರದೆಗೆ ಕೈ ಅಡ್ಡ ಹಿಡಿಯತೊಡಗಿದರು. ಅವರಿಗೆ ಅದು ಚೇಷ್ಟೆ. ಚೇಷ್ಟೆಯ ಬಾಯಿಗೆ ಬೆಂಕಿ ಬೀಳಲಿ.

ಶಾಹೀನಳನ್ನು ಖೋಲಿಗೆ ಬರಬೇಡ ಎಂದರು. ಪರ್ವೇಜ್ ಕಾಟಾದ ಕೆಲಸ ಬಿಟ್ಟು ತಾನೇ ಕೂತ. ಆಟ ಸುಧಾರಿಸಲಿಲ್ಲ, ಹುಡುಗರು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹುಡುಕಿಕೊಂಡರು. ಒಂದು ದಿನ ಪರ್ವೇಜ್ ನಮಾಜಿಗೆ ಹೋದ ಹೊತ್ತಿಗೆ ಶಾಹೀನ್ ನನ್ನ ಮಿಷನ್ನಿನ ಸ್ಕ್ರೂಡ್ರೈವರ್ ಇಸಿದುಕೊಂಡು ಹೋದಳು. ಏನಾದರೂ ಆಗಲಿ, ಬಿಚ್ಚಿಯೇ ನೋಡುತ್ತೇನೆ ಎಂದಳು. ಎರಡು ಸ್ಕ್ರೂ ತೆಗೆದಿರಬೇಕು, ಮುನ್ನಿಬೀ ಬಂದು ನೋಡಿದಳು. ಆಕೆ ಎದೆ ಎದೆ ಬಡಿದುಕೊಂಡು ಅತ್ತದ್ದು ಓಣಿಗೆಲ್ಲ ಕೇಳಿತು. ಕಣ್ಣು ಹಾಕಿದ್ದು ಸಾಲದೆಂದು ಕೈಯನ್ನೂ ಹಾಕಿದಳು, ತಮ್ಮನ ಅನ್ನಕ್ಕೆ ಮಣ್ಣು ಹಾಕಲಿಕ್ಕೇ ಮರಳಿ ಬಂದಿದ್ದಾಳೆ ಎಂದು ಹೆತ್ತ ತಾಯಿ ಬಾಯಿ ಬಿಟ್ಟು ಹೇಳಿದಳು. ನಾನು ಹೋಗಿ ಜಗಳಾಡಿದೆ. ನಿಮ್ಮ ಮನೆಯ ಮಾತು ನಿಮಗೆ, ನಮ್ಮ ಮನೆಯ ಮಾತು ನಮಗೆ ಎಂದು ಮುನ್ನಿಬೀ ಕೈ ಮುಗಿದು ಬಾಗಿಲು ಹಾಕಿಕೊಂಡಳು.

ಮಸ್ಕಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಅಜೀಮ್ ಎಂಬುವನಿಗೆ ಹೆಂಡತಿ ತೀರಿಕೊಂಡಿದ್ದಳು, ಸಣ್ಣ ಮಗಳಿದ್ದಳು. ಹಿಂದೆ ಒಮ್ಮೆ ಅವನಿಗೆ ಕೊಡುವ ಮಾತು ಬಂದಾಗ ಶಾಹೀನ್ ಬೇಡವೆಂದಿದ್ದಳು, ತಾಯಿಯೂ ಒತ್ತಾಯ ಮಾಡಿರಲಿಲ್ಲ. ಈಗ ಆಕೆಯನ್ನು ಮನೆಯಿಂದ ಕಳಿಸುವ ಅವಸರ, ಬೇಕೋ ಬೇಡವೋ ಎಂದು ಕೇಳುವವರಿರಲಿಲ್ಲ. ನಿಕಾಹದ ಕುರ್ತಾ ಹೊಲಿಸಲು ಆಕೆ ನನ್ನ ಬಳಿಯೇ ಬಂದಳು. ಅಳತೆ ತೆಗೆದುಕೊಳ್ಳುವಾಗ ಕೇಳಿದಳು:

"ಅಕ್ಕಾ, ಇಷ್ಟು ದಿನ ನಿಮ್ಮ ಬಾಜೂಕ ಕುಂತೀನಿ. ನಿಮಗ ಎಂದರ ನನ್ನ ಕಣ್ಣು ತಟ್ಯಾದೇನ್ರಿ?"

"ನಿನ್ನ ಕಣ್ಣಿಲೆ ದಾರ ಪೋಣಿಸಿಕೊಂಡೇ ನಾ ಬದುಕೀನಿ," ಎಂದೆ. "ಹೋಗಬ್ಯಾಡ. ಆಗಲ್ಲ ಅಂತ ಒಮ್ಮೆ ಗಟ್ಟ್ಯಾಗಿ ಅನ್ನು."

"ನಾ ಇಲ್ಲೇ ಇದ್ದು ಅಂಗಡಿ ಮುಚ್ಚಿದ್ರ? ಪರ್ವೇಜನ ಮಾರಿ ಹ್ಯಾಂಗ ನೋಡ್ಲಿ?" ಎಂದಳು. ನೋಡುವ ಮಾತು ಬಾಯಿಂದ ಬಂದದ್ದೇ ತಡ, ತಾನೇ ಬೆಚ್ಚಿ ಕಣ್ಣನ್ನು ನೆಲಕ್ಕೆ ಹಾಕಿದಳು.

ಮದುವೆ ಸಣ್ಣದಾಗಿ ಆಯಿತು. ಅದೇ ಟ್ರಂಕು ಮತ್ತೆ ಬಸ್ಸು ಹತ್ತಿತು. ಆಮೇಲೆ ನಾನು ಸೂಜಿಗೆ ದಾರ ಪೋಣಿಸಲು ದಾರಿಯಲ್ಲಿ ಹೋಗುವವರನ್ನು ಕರೆಯಬೇಕಾಯಿತು.

ಆಕೆ ಹೋದ ಮೇಲೂ ಕಂಪ್ಯೂಟರ್ ಸುಧಾರಿಸಲಿಲ್ಲ. ಮುನ್ನಿಬೀ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಳು, ನದರು ಇಳಿಯಲು ಸ್ವಲ್ಪ ದಿನ ಹಿಡಿಯುತ್ತದಂತೆ. ಕೊನೆಗೆ ಒಂದೊಂದಾಗಿ ಆಟದ ನಡುವೆಯೇ ತಾವಾಗಿ ಆರಿಹೋಗತೊಡಗಿದವು. ಆಗ ಪರ್ವೇಜನಿಗೆ ಲಿಂಗಸುಗೂರಿಗೆ ಹೋಗದೆ ಗತಿಯಿರಲಿಲ್ಲ. ಮೊದಲು ಎರಡು ಪೆಟ್ಟಿಗೆ ತೋರಿಸುತ್ತೇನೆ ಎಂದ. ನನ್ನ ತಂಗಿಯ ಮನೆ ಲಿಂಗಸುಗೂರಿನಲ್ಲೇ, ನಾನೂ ಹೊರಟಿದ್ದೆ. ಒಂದು ಪೆಟ್ಟಿಗೆ ಅವನ ತೊಡೆಯ ಮೇಲೆ, ಒಂದು ನನ್ನ ತೊಡೆಯ ಮೇಲೆ. ಕೂಸಿಗೆ ಅರ್ಧ ಟಿಕೆಟ್ ತಗೊಳ್ಳವ್ವ ಎಂದು ಕಂಡಕ್ಟರ್ ಚೇಷ್ಟೆ ಮಾಡಿದ. ನನಗೆ ನಗು ಬರಲಿಲ್ಲ.

ಕನಕರಾಜನ ಅಂಗಡಿ ತಹಶೀಲ್ ಕಚೇರಿಯ ಹಿಂದೆ ಇದೆ. ಅವನು ಸೀಲು ಕಿತ್ತು, ಪಕ್ಕದ ತಗಡು ಸರಿಸಿದ. ಒಳಗೆ ನೋಡಿ ಪರ್ವೇಜನ ಕೈ ಹಿಡಿದು ಎಳೆದು ಅವನಿಗೂ ತೋರಿಸಿದ. ಫ್ಯಾನಿನ ಹಿಂದೆ, ಬಿಸಿ ಹೊರಗೆ ಹೋಗಬೇಕಾದ ಬಾಚಣಿಗೆ ಹಲ್ಲಿನಂಥ ಸಂದುಗಳಲ್ಲಿ, ಕರಿ ಕಂಬಳಿ ತುರುಕಿದಂತೆ ಏನೋ ತುಂಬಿತ್ತು. ಗಾಳಿ ಊದಿದರೆ ಹಾರಲಿಲ್ಲ. ಬೆರಳಿನಿಂದ ಕಿತ್ತು ಮೂಗಿಗೆ ಹಿಡಿದ, ನನಗೂ ಹಿಡಿದ. ಊದಿನ ವಾಸನೆ. ಗಿರಣಿಯ ತೌಡು ಒಳಗೆ ಹೋಗಿ ಕೂತಿತ್ತು, ಅದರ ಮೇಲೆ ಊದಿನ ಹೊಗೆಯ ಅಂಟು ಕೂತಿತ್ತು, ಅಂಟಿಗೆ ಮತ್ತೆ ತೌಡು ಹತ್ತಿತ್ತು. ಗಾಳಿಯೇ ಆಡದಿದ್ದರೆ ಒಳಗೆ ಬಿಸಿ ಏರುತ್ತದೆ, ಬಿಸಿ ಏರಿದರೆ ಸುಟ್ಟುಹೋಗಬಾರದೆಂದು ಯಂತ್ರ ತಾನೇ ನಿಧಾನ ಮಾಡಿಕೊಳ್ಳುತ್ತದೆ ಎಂದು ಕನಕರಾಜ ಹೇಳಿದ. ಪೆಟ್ಟಿಗೆಗೆ ನಾಲ್ಕು ಹೊತ್ತು ಪೂಜೆ ಮಾಡುತ್ತಿದ್ದಿರೇನು ಎಂದು ನಕ್ಕ.

ಬ್ರಶ್ಶು, ಸ್ಪಿರಿಟ್ ಹಿಡಿದು ಉಜ್ಜಿದ. ಚಹಾ ಕುಡಿಯುವಷ್ಟರಲ್ಲಿ ಒಂದು ಪೆಟ್ಟಿಗೆ ಮುಗಿಯಿತು. ಹಚ್ಚಿ ನೋಡಿದರೆ ಆಟ ಹೊಸದರಂತೆ ಓಡಿತು. ಪರ್ವೇಜ್ ಸಂತೋಷಪಡಲಿಲ್ಲ. ಆ ಕರಿ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಬಿಚ್ಚಿ ನೋಡು ಎಂದು ಅಕ್ಕ ಹೇಳಿದ್ದು ಅವನಿಗೂ ನೆನಪಿತ್ತು, ನನಗೂ ನೆನಪಿತ್ತು.

ಆರೂ ಕಂಪ್ಯೂಟರ್ ಶುದ್ಧವಾದವು. ಹುಡುಗರು ಮರಳಿದರು. ಮುನ್ನಿಬೀ ಮಾಲೀದಾ ಎಂಬ ಸಿಹಿ ಮಾಡಿ, ಫಾತಿಹಾ ಓದಿಸಿ ಓಣಿಗೆಲ್ಲ ಹಂಚಿದಳು. ನನಗೂ ತಂದು, ಆ ಹುಡುಗಿ ತನ್ನ ಮನೆ ಸೇರಿದಳು, ಇಲ್ಲಿಯ ಬಲಾ ಪೀಡೆ ಎಲ್ಲ ಹೋಯಿತು, ಎರಡೂ ಕಡೆ ಒಳ್ಳೆಯದಾಯಿತು ಎಂದಳು. ಆಕೆಯ ಮುಖದ ನೆಮ್ಮದಿ ನೋಡಿ ನನಗೆ ಮೈ ಉರಿಯಿತು. ನಾನು ಲಿಂಗಸುಗೂರಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದಳು.

"ಹೊಗಿಗೆ ಕೆಡ್ತಿದ್ರ ನಿನ್ನ ಮಿಷನ್ ಯಾಕ ಕೆಡಲಿಲ್ಲ ಶಿವಲಿಂಗಮ್ಮ? ನಿನಗೂ ಅದೇ ಬಾಬಾ, ಅದೇ ಊದು," ಎಂದಳು.

ಹೊಲಿಗೆ ಮಿಷನ್ನಿಗೆ ಒಳಗೆಳೆಯುವ ಫ್ಯಾನಿಲ್ಲವೇ ತಾಯಿ ಎಂದು ನಾನು ಎಷ್ಟು ಬಡಿದುಕೊಂಡರೂ ಆಕೆಯ ತಲೆಗೆ ಹೋಗಲಿಲ್ಲ. ಹೋಗಗೊಡಲಿಲ್ಲ ಎಂದು ಈಗ ಅನ್ನಿಸುತ್ತದೆ. ಹೋದರೆ ಆಕೆ ಏನನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು ಎಂಬುದು ಆಕೆಗೂ ಗೊತ್ತಿದ್ದೀತು.

ಪರ್ವೇಜನನ್ನು ಕಟ್ಟೆಗೆ ಕರೆದು ನಿಲ್ಲಿಸಿದೆ. ಒಂದು ಮಾತು ನಿನ್ನ ಬಾಯಿಂದ ಬಂದರೆ ಆಕೆ ನಂಬುತ್ತಾಳೆ, ಹೇಳು ಎಂದೆ.

"ಈಗ ಹೇಳಿ ಏನ್ ಮಾಡ್ಲಿ ಅಕ್ಕಾ? ನಿಕಾ ಆಗ್ಯಾದ. ತನ್ನ ಕೈಲೆ ಹಿಂಗ ಮಾಡೀನಿ ಅಂತ ಗೊತ್ತಾದ್ರ ಅಮ್ಮಿ ಎದಿ ಒಡದು ಸಾಯ್ತಾಳ."

"ನಿಮ್ಮವ್ವ ಸಾಯಲ್ಲ," ಎಂದೆ. "ಸತ್ತಾಕಿ ಮಸ್ಕ್ಯಾಗ ಅದಾಳ."

ಅವನು ಒಳಗೆ ಹೋದ. ಅವತ್ತು ಗುರುವಾರ, ಮೌಲಾಹುಸೇನ ಎಂದಿನಂತೆ ಬಂದ. ಪರ್ವೇಜ್ ಎದ್ದು ನಿಂತು, ತಲೆಗೆ ಕರವಸ್ತ್ರ ಹಾಕಿಕೊಂಡು, ಆರೂ ಪೆಟ್ಟಿಗೆಗೆ ಹೊಗೆ ಹಾಕಿಸಿಕೊಂಡ. ತಾಯಿ ನೋಡುತ್ತಿದ್ದಳಲ್ಲ.

ನಾನು ಮಸ್ಕಿಗೆ ಹೋದೆ. ಬೇರೆಯವರು ನಂಬದಿದ್ದರೆ ಹೋಗಲಿ, ಆಕೆಗಾದರೂ ತಿಳಿಯಲಿ ಎಂಬ ಒಂದೇ ಹಟ. ಗುಡ್ಡದ ಬುಡದಲ್ಲಿ ಅಜೀಮನ ಮನೆ. ಅವನು ಅಂಗಡಿಗೆ ಹೋಗಿದ್ದ. ಕೆಟ್ಟ ಮನುಷ್ಯನಲ್ಲ, ಅದು ಮನೆ ನೋಡಿದರೇ ತಿಳಿಯುತ್ತಿತ್ತು. ಹೊಸ ಸೀರೆ ತಂದಿದ್ದ, ಒಲೆಗೆ ಗ್ಯಾಸ್ ಇತ್ತು. ಅವನ ಮಗಳು ನಸ್ರೀನ್, ಮೂಗಿನ ಕೆಳಗೆ ಸಿಂಬಳ ಒಣಗಿದ ಮುದ್ದು ಕೂಸು, ಆಗಲೇ ಶಾಹೀನಳ ಸೆರಗು ಬಿಡುತ್ತಿರಲಿಲ್ಲ. ಶಾಹೀನ್ ನನ್ನನ್ನು ತಬ್ಬಿ ಕೂಡಿಸಿದಳು. ಕೂಸಿಗೆ ಹಸಿವೆಯ ಹೊತ್ತು, ತಾಟಿನಲ್ಲಿ ಅನ್ನ ಬೇಳೆ ಕಲಸಿ ಮುಂದಿಟ್ಟಳು. ಇಟ್ಟವಳೇ ಬೆನ್ನು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ಕೂತಳು. ನನಗೆ ವಿಚಿತ್ರವೆನಿಸಿತು. ಬಿಸಿಲಿಗೆ ಕಣ್ಣು ನೋಯುತ್ತಿರಬೇಕು ಅಂದುಕೊಂಡೆ.

ಆಕೆಯ ಬೆನ್ನಿಗೇ ಎಲ್ಲ ಹೇಳಿದೆ. ತೌಡು, ಊದು, ಕರಿ ಉಂಡೆ, ಚಹಾ ಕುಡಿಯುವಷ್ಟರಲ್ಲಿ ಮುಗಿದ ಕೆಲಸ. ನಾನು ಹೇಳುತ್ತ ಹೋದಂತೆ ಆಕೆ ನಿಧಾನಕ್ಕೆ ಈ ಕಡೆ ಹೊರಳಿದಳು. ಬಂದೂಕಿನ ಆಟ ಆಡುವಾಗಿನ ಆ ಹಳೆಯ ಕಣ್ಣು ಮರಳಿ ಬಂದವು. ಬಾಚಣಿಗೆಯಂಥ ಆ ಸಂದು ಎಲ್ಲಿತ್ತು, ಎಷ್ಟು ದಪ್ಪ ಕೂತಿತ್ತು, ಬಾಗಿಲ ಹತ್ತಿರದ ಕಂಪ್ಯೂಟರಿನದೇ ಹೆಚ್ಚಿತ್ತೇನು ಎಂದು ಒಂದರ ಹಿಂದೊಂದು ಕೇಳಿದಳು. ಹೌದು, ಬಾಗಿಲಿಗೆ ತೌಡು ಹೆಚ್ಚು ಬರುತ್ತದಲ್ಲ ಎಂದೆ.

"ಅದಕ್ಕ ಬೆಳಿಗ್ಗಿ ಛಲೋ ಇರ್ತಿದ್ವು," ಎಂದಳು. "ಬಿಸಿ ಆಗಾಕತ್ತ್ಯಾವ ಅಂತ ನಾ ಮೊದಲ ಹೇಳಿದ್ದೆ ಅಕ್ಕಾ. ಹೇಳಿದ್ದೆ ಹೌದಲ್ಲೋ?"

"ನೀ ಹೇಳಿದ್ದಿ."

"ಬಾಬಾಗ ಏನೂ ಅನಬ್ಯಾಡ್ರಿ, ಅವರ ತಪ್ಪಿಲ್ಲ. ಗುರುವಾರ ಊದು ಹಾಕಾಗ ಅವಕ್ಕ ಅರಿವಿ ಹೊಚ್ಚಂತ ಪರ್ವೇಜಗ ಹೇಳ್ರಿ. ಇಲ್ಲಂದ್ರ ಮತ್ತ ಹಂಗ ಆಗ್ತಾವು."

ಆಕೆ ನಗುತ್ತಿದ್ದಳು. ಬಂದ ಕೆಲಸ ಆಯಿತು ಎಂದು ನನ್ನ ಎದೆ ಹಗುರಾಯಿತು. ನಗುನಗುತ್ತಲೇ ಆಕೆ ಕೂಸಿನ ಕಡೆ ನೋಡಿದಳು. ಅದೇ ಹೊತ್ತಿಗೆ ಕೂಸಿಗೆ ಅನ್ನದ ಅಗುಳು ನೆತ್ತಿಗೇರಿತು. ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಅಷ್ಟೇ. ಎಲ್ಲ ಮಕ್ಕಳೂ ಕೆಮ್ಮುವ ಹಾಗೆ.

ಶಾಹೀನ್ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿಬಿಟ್ಟಳು. ಕೈಯನ್ನು ಹಿಂದೆ ಚಾಚಿ ನೀರಿನ ತಂಬಿಗೆ ತಡಕಿ, ನೋಡದೆಯೇ ಕೂಸಿನ ಕಡೆ ಸರಿಸಿದಳು.

"ಈಗ ಹೇಳಿದ್ದು ನಿನಗ ತಿಳೀಲಿಲ್ಲೇನ?" ಎಂದೆ. ನನ್ನ ದನಿ ಏರಿತ್ತು.

"ತಿಳೀತ್ರಿ ಅಕ್ಕಾ," ಎಂದು ಗೋಡೆಗೆ ಹೇಳಿದಳು. "ಕಂಪ್ಯೂಟರಿಂದು ತಿಳೀತು. ಇದು ಕೂಸು."

ನಾನು ಕೂಸಿಗೆ ನೀರು ಕುಡಿಸಿದೆ, ನೆತ್ತಿ ತಟ್ಟಿದೆ. ಅದು ಕಣ್ಣೊರೆಸಿಕೊಂಡು ಮತ್ತೆ ತುತ್ತಿಗೆ ಕೈ ಹಾಕಿತು. ಎಂದಿನ ರೂಢಿಯೇ ಇರಬೇಕು, ಅಮ್ಮಿ ಯಾಕೆ ಗೋಡೆ ನೋಡುತ್ತಾಳೆ ಎಂದು ಅದು ಕೇಳಲಿಲ್ಲ. ಬಾಯಿ ಜೋರಿನ ನಾನು ಕೂಸಿನ ಬಾಯಿ ಒರೆಸುತ್ತ ಕೂತೆ. ಕಡೆಯ ತುತ್ತು ಮುಗಿಯುವ ತನಕ ಶಾಹೀನ್ ಅಲುಗಾಡಲಿಲ್ಲ.

"ಉಂಡ್ಲೇನ್ರಿ?" ಎಂದು ಗೋಡೆಯ ಕಡೆಯಿಂದ ಕೇಳಿದಳು.

ಉಂಡಳು ಎಂದೆ. ಆಮೇಲೆಯೇ ಆಕೆ ಈ ಕಡೆ ತಿರುಗಿದಳು.